ಪ್ಲಾಟಿನಂ ಮದುವೆ ಉಂಗುರ: ಎರಕ ಹೊಯ್ದದ್ದೋ, ಲೇತಿನಲ್ಲಿ ಕಡೆದದ್ದೋ, ಕೈಯಲ್ಲಿ ಬಡಿದದ್ದೋ?

ಶೋರೂಮಿನ ಟ್ರೇಯಲ್ಲಿ ಎರಡು ಉಂಗುರ ಅಕ್ಕಪಕ್ಕ ಕೂತಿರುತ್ತವೆ. ಎರಡೂ 4 ಮಿ.ಮೀ. ಅಗಲ, ಎರಡೂ ಬೆಳ್ಳಗೆ ಹೊಳೆಯುತ್ತವೆ, ಎರಡರ ಒಳಮೈಯಲ್ಲೂ ‘ಪಿಟಿ 950’ ಎಂಬ ಮುದ್ರೆ ಇದೆ. ಬೆಲೆ ಮಾತ್ರ ಬೇರೆ. ಯಾಕೆಂದು ಕೇಳಿದರೆ ‘ಡಿಸೈನ್ ಬೇರೆ ಸಾರ್’ ಎಂಬ ಉತ್ತರ ಬರುತ್ತದೆ. ಆ ಮುದ್ರೆ ಹೇಳುವುದು ಒಂದೇ ವಿಷಯ: ಸಾವಿರ ಪಾಲಿನಲ್ಲಿ 950 ಪಾಲು ಪ್ಲಾಟಿನಂ ಇದೆ ಎಂದು. ಉಳಿದ 50 ಪಾಲು ಯಾವ ಲೋಹ, ಉಂಗುರವನ್ನು ಕರಗಿಸಿ ಹೊಯ್ದರೋ ಒತ್ತಿ ಎಳೆದು ಕಡೆದರೋ ಎಂಬುದನ್ನು ಅದು ಹೇಳುವುದಿಲ್ಲ. ದಿನವೂ ಬೆರಳಲ್ಲೇ ಇರುವ ಸಾದಾ ಉಂಗುರದ ಬಾಳಿಕೆ ತೀರ್ಮಾನವಾಗುವುದು ಮಾತ್ರ ಇವೇ ಸಂಗತಿಗಳಿಂದ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಉಂಗುರ ಬದಲಾಯಿಸುವುದು ಮದುವೆಯದೇ ಭಾಗ. ಉಳಿದ ಕಡೆ ಈಗ ನಿಶ್ಚಿತಾರ್ಥಕ್ಕೆ ‘ಕಪಲ್ ಬ್ಯಾಂಡ್’ ಕೊಳ್ಳುವುದು ರೂಢಿಯಾಗಿದೆ. ಯಾರೇ ಕೊಳ್ಳಲಿ, ನಮ್ಮ ಸಲಹೆ ಮೊದಲೇ ಹೇಳಿಬಿಡುತ್ತೇವೆ. ಸಾದಾ ಪಟ್ಟಿಯ ಉಂಗುರ ಬೇಕಿದ್ದರೆ ಕೊಳವೆಯಿಂದಲೋ ವಾಷರಿನಿಂದಲೋ ರೂಪಿಸಿ ಲೇತಿನಲ್ಲಿ, ಅಂದರೆ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕೊರೆಯುವ ಯಂತ್ರದಲ್ಲಿ, ಕಡೆದದ್ದನ್ನು ಕೊಳ್ಳಿ. ಬಳ್ಳಿ, ಹೆಣಿಗೆ, ಉಬ್ಬುಕೆತ್ತನೆ ಬೇಕಿದ್ದರೆ ಎರಕವೇ ಗತಿ, ಅದರಲ್ಲಿ ತಪ್ಪೇನೂ ಇಲ್ಲ. ಕೈಕೆಲಸದ್ದು ಬೇಕಿದ್ದರೆ ಪ್ಲಾಟಿನಂ ಕೆಲಸದಲ್ಲೇ ಪಳಗಿದ ಕೈ ಸಿಕ್ಕರೆ ಮಾತ್ರ. ಈ ಮೂರಕ್ಕೂ ಮೇಲಿನ ಮಾತೊಂದಿದೆ: ದಪ್ಪ. 1.8 ಮಿ.ಮೀ. ದಪ್ಪದ ಒಳ್ಳೆಯ ಎರಕದ ಉಂಗುರ, 1.1 ಮಿ.ಮೀ. ದಪ್ಪದ ಲೇತಿನ ಉಂಗುರಕ್ಕಿಂತ ಹೆಚ್ಚು ಕಾಲ ದುಂಡಗೆ ಉಳಿಯುತ್ತದೆ.

ಈ ಲೋಹ ಯಾಕೆ ಇಷ್ಟು ಹಟಮಾರಿ

ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲಾಟಿನಂ 1,768ರಲ್ಲಿ. ಈ ಏಳುನೂರು ಡಿಗ್ರಿ ಅಂತರವೇ ಅರ್ಧ ಕಥೆ. ಚಿನ್ನ ಕರಗಿಸುವ ಗ್ರಾಫೈಟ್ ಮೂಸೆ ಇಲ್ಲಿ ನಡೆಯುವುದಿಲ್ಲ. ಕರಗಿದ ಪ್ಲಾಟಿನಂ ಇಂಗಾಲವನ್ನು ಹೀರಿಕೊಂಡು ಆಮೇಲೆ ಬಿರುಸಾಗುತ್ತದೆ. ಚಿನ್ನದ ಎರಕಕ್ಕೆ ಬಳಸುವ ಜಿಪ್ಸಂ ಅಚ್ಚು ಈ ಶಾಖಕ್ಕೆ ಒಡೆದು ಗಂಧಕದ ಅನಿಲ ಬಿಡುತ್ತದೆ. ಸಿಲಿಕಾನ್, ರಂಜಕ, ಸೀಸ, ಗಂಧಕ ಇವು ಅತ್ಯಲ್ಪ ಸೇರಿದರೂ ಲೋಹದ ಕಣಗಳ ನಡುವೆ ಬೇಗ ಕರಗುವ ಪೊರೆ ಕಟ್ಟಿಕೊಂಡು, ಬಿಸಿ ಮಾಡಿದ ಕೂಡಲೇ ಬಿರುಕು ಬಿಡಿಸುತ್ತವೆ. ಹಾಗಾಗಿ ಪ್ಲಾಟಿನಂ ಕೆಲಸಕ್ಕೆ ಬೇರೆಯದೇ ಮೂಸೆ, ಬೇರೆ ಅರ, ಬೇರೆ ಸುತ್ತಿಗೆ, ಬೇರೆ ಪಾಲಿಶ್ ಬಟ್ಟೆ ಇರಬೇಕು. ಚಿನ್ನದ ಪುಡಿ ಕೂತ ಹಲಗೆಯ ಮೇಲೆಯೇ ಪ್ಲಾಟಿನಂ ಕಾಯಿಸಿದರೆ ಆ ಪುಡಿ ಅದರ ಮೈಗೆ ಕರಗಿ ಅಂಟುತ್ತದೆ.

ಇನ್ನೊಂದು ಗುಣ ಅನುಕೂಲವೂ ಹೌದು, ತೊಂದರೆಯೂ ಹೌದು. ಶಾಖವನ್ನು ಸಾಗಿಸುವುದರಲ್ಲಿ ಪ್ಲಾಟಿನಂ ಚಿನ್ನದ ಕಾಲು ಭಾಗಕ್ಕಿಂತ ಕಡಿಮೆ. ಬೆಸುಗೆ ಹಾಕುವಾಗ ಇದು ಒಳ್ಳೆಯದು: ಒಂದೇ ಜಾಗ ಬಿಸಿಯಾಗುತ್ತದೆ, ಆಚೆ ಬದಿ ತಣ್ಣಗೇ ಇರುತ್ತದೆ. ಲೇತಿಗೆ ಕೊಟ್ಟಾಗ ಇದೇ ಗುಣ ಕಾಡುತ್ತದೆ: ಉಳಿಯ ತುದಿಯ ಶಾಖ ಹೋಗಲು ದಾರಿಯಿಲ್ಲದೆ ಲೋಹ ತುದಿಗೇ ಮೆತ್ತಿಕೊಂಡು ಮೈಯನ್ನು ಕೆರೆಯುತ್ತದೆ. ಗಾಳಿಯಲ್ಲಿ ಎಷ್ಟು ಕಾಯಿಸಿದರೂ ಕಪ್ಪಾಗದ ಲೋಹ, ಯಂತ್ರದ ಉಳಿಯನ್ನು ಮಾತ್ರ ತಿಂದು ಹಾಕುತ್ತದೆ.

ಎರಕ

ಅಂಗಡಿಗಳಲ್ಲಿ ಸಿಗುವ ಕಲ್ಲಿನ ಉಂಗುರ, ವಿನ್ಯಾಸದ ಉಂಗುರಗಳಲ್ಲಿ ಬಹುಪಾಲು ಎರಕದವೇ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ, ಅದರಿಂದ ಮೇಣದ ಅಥವಾ ರೆಸಿನ್ ಮಾದರಿ. ಲೋಹ ತಣಿಯುವಾಗ ಕುಗ್ಗುವ, ಪಾಲಿಶ್‌ನಲ್ಲಿ ಸವೆಯುವ ಲೆಕ್ಕ ಹಿಡಿದು ಮಾದರಿಯನ್ನು ಒಂದಿಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ಅದಕ್ಕೆ ಲೋಹ ಹರಿಯುವ ದಾರಿಯಾಗಿ ಮೇಣದ ಕಡ್ಡಿ ಜೋಡಿಸುತ್ತಾರೆ. ಇದು ಉಂಗುರದ ಅತಿ ದಪ್ಪ ಭಾಗಕ್ಕೇ ಸೇರಬೇಕು, ಉಂಗುರಕ್ಕಿಂತ ದಪ್ಪವಾಗಿಯೇ ಇರಬೇಕು. ಇಲ್ಲದಿದ್ದರೆ ಕಡ್ಡಿ ಮೊದಲು ಗಟ್ಟಿಯಾಗಿ, ಒಳಗಿನ ಲೋಹ ಕುಗ್ಗುವಾಗ ತುಂಬಿಕೊಡಲು ಬಿಸಿ ಲೋಹವೇ ಇರುವುದಿಲ್ಲ. ಹೀಗೆ ಜೋಡಿಸಿದ ಮೇಣದ ಮರವನ್ನು ಫಾಸ್ಫೇಟ್ ಬಂಧಕದ ಅಚ್ಚುಪುಡಿಯಲ್ಲಿ ಹೂತು, ಗಂಟೆಗಟ್ಟಲೆ ಹಂತಹಂತವಾಗಿ ಕಾಯಿಸಿ ಮೇಣವನ್ನು ಪೂರಾ ಸುಡುತ್ತಾರೆ. ಹೊಯ್ಯುವ ಹೊತ್ತಿಗೆ ಅಚ್ಚಿನ ಶಾಖ ಸಾಮಾನ್ಯವಾಗಿ 850ರಿಂದ 950 ಡಿಗ್ರಿ, ಲೋಹದ್ದು 1,900ಕ್ಕೂ ಮೇಲೆ.

ಅಷ್ಟು ಅಂತರ ಇರುವುದರಿಂದ ಲೋಹ ಅಚ್ಚಿಗೆ ಹೊಕ್ಕ ಕ್ಷಣದಿಂದಲೇ ಗಟ್ಟಿಯಾಗತೊಡಗುತ್ತದೆ. ನಿಧಾನವಾಗಿ ಸುರಿದರೆ ತೆಳು ಭಾಗ ತುಂಬುವುದೇ ಇಲ್ಲ. ಅದಕ್ಕೇ ಇಂಡಕ್ಷನ್‌ನಲ್ಲಿ ಬೇಗನೆ ಕರಗಿಸಿ, ಗಿರಗಿರನೆ ತಿರುಗುವ ಯಂತ್ರದ ಬಲದಿಂದ ಒಳಗೆ ತಳ್ಳುತ್ತಾರೆ. ಕೆಲವು ಯಂತ್ರಗಳು ಇದನ್ನೇ ನಿರ್ವಾತದಲ್ಲೋ ಆರ್ಗಾನ್ ಅನಿಲದಲ್ಲೋ ಮಾಡುತ್ತವೆ. ತಣಿದ ಮೇಲೆ ಅಚ್ಚು ನೀರಿನಲ್ಲಿ ಕರಗಿ ಬೀಳುವುದಿಲ್ಲ. ಒತ್ತಡದ ನೀರಿನಿಂದ ಕೊಚ್ಚಿ, ಉಳಿದದ್ದನ್ನು ಹೈಡ್ರೋಫ್ಲೋರಿಕ್ ಆಮ್ಲದಂಥ ಅಪಾಯಕಾರಿ ದ್ರಾವಣದಲ್ಲಿ ತೆಗೆಯಬೇಕು. ಸಣ್ಣ ಅಕ್ಕಸಾಲೆಗಳು ಪ್ಲಾಟಿನಂ ಎರಕಕ್ಕೆ ಕೈ ಹಾಕದೆ ಹೊರಗೆ ಕಳಿಸುವುದಕ್ಕೆ ಇವೆಲ್ಲ ಕಾರಣ.

ಕೆಡುವುದು ಎಲ್ಲಿ? ಎರಡು ಬಗೆಯ ತೂತು. ಒಂದು ಕುಗ್ಗಿದ್ದರಿಂದ ಆಗುವುದು. ಅಂಕುಡೊಂಕಾಗಿ, ಜೇಡರ ಬಲೆಯ ಎಳೆಯಂತೆ, ಹೆಚ್ಚಾಗಿ ಕಡ್ಡಿ ಸೇರಿದ ಜಾಗದ ಆಸುಪಾಸಿನಲ್ಲಿ. ಇನ್ನೊಂದು ಅನಿಲದ್ದು, ದುಂಡಗೆ, ಸೂಜಿಮೊನೆಯಷ್ಟು, ಮೈಯೆಲ್ಲ ಹರಡಿಕೊಂಡು. ಎರಕ ಹೊರಗೆ ಬಂದಾಗ ಎರಡೂ ಕಾಣುವುದಿಲ್ಲ. ಅರ ಹಾಕಿ 400ರ ಎಮರಿ ಕಾಗದ ಉಜ್ಜಿ, 600, 800 ದಾಟಿ 1,200ಕ್ಕೆ ಬರುವಷ್ಟರಲ್ಲಿ ಮೇಲ್ಪದರ ಸವೆದು ತೂತಿನ ಬಾಯಿ ತೆರೆಯುತ್ತದೆ. ಕೆಲಸಗಾರ ಅದೇ ಮಿಶ್ರಲೋಹದ ತಂತಿ ಇಟ್ಟು ಲೇಸರ್‌ನಲ್ಲಿ ತುಂಬುತ್ತಾನೆ, ಮತ್ತೆ ಉಜ್ಜುತ್ತಾನೆ, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮೂರನೇ ಸಲ ಹೀಗಾದರೆ ಆ ತುಂಡನ್ನು ಬದಿಗಿಟ್ಟು ಹೊಸದಾಗಿ ಹೊಯ್ಯುವುದೇ ಸರಿ. ಅವಸರದ ಅಂಗಡಿ ಏನು ಮಾಡುತ್ತದೆಂದರೆ ಆ ಜಾಗಕ್ಕೆ ಮ್ಯಾಟ್ ಫಿನಿಶ್ ಹೊಡೆಯುತ್ತದೆ.

ಒಳಗೇ ಮುಚ್ಚಿಕೊಂಡಿರುವ ತೂತುಗಳಿಗೆ ಕೈಗಾರಿಕೆಯಲ್ಲಿ ಒಂದು ಮದ್ದಿದೆ. ಎರಕದ ತುಂಡುಗಳನ್ನು 1,000 ಡಿಗ್ರಿಗೂ ಮೀರಿದ ಶಾಖದಲ್ಲಿ, ವಾತಾವರಣದ ಸುಮಾರು ಸಾವಿರ ಪಟ್ಟು ಒತ್ತಡದ ಆರ್ಗಾನ್‌ನಲ್ಲಿ ಇಟ್ಟರೆ ತೂತಿನ ಗೋಡೆಗಳು ಕೂಡಿಕೊಂಡು ಬೆಸೆಯುತ್ತವೆ. ಹಿಪ್ ಎಂದು ಕರೆಯುವ ಈ ಸಂಸ್ಕಾರ ಆದ ಎರಕದ ಉಂಗುರ, ಆಗದ್ದಕ್ಕಿಂತ ಬಹಳ ಮೇಲು. ಆದರೆ ಮೇಲ್ಮೈಗೆ ಬಾಯಿ ತೆರೆದಿರುವ ತೂತಿಗೆ ಇದು ನಾಟುವುದಿಲ್ಲ, ಅನಿಲ ಒಳಗೂ ನುಗ್ಗಿಬಿಡುತ್ತದಲ್ಲ.

ಇನ್ನೊಂದು ದೋಷ ತೂತಿನದಲ್ಲ. ಹೊಯ್ದ ಲೋಹದ ಕಣಗಳು ದೊಡ್ಡವು, ಒಂದೊಂದು ಒಂದೊಂದು ದಿಕ್ಕಿಗೆ ಬೆಳೆದವು. ಪಾಲಿಶ್‌ನಲ್ಲಿ ಕೆಲವು ಬೇಗ ಸವೆಯುತ್ತವೆ, ಕೆಲವು ತಡವಾಗಿ. ಅಗಲವಾದ ಚಪ್ಪಟೆ ಮೈಯ ಉಂಗುರದಲ್ಲಿ ಬೆಳಕು ಓರೆಯಾಗಿ ಬಿದ್ದಾಗ ಕಿತ್ತಳೆ ಸಿಪ್ಪೆಯಂಥ ಸಣ್ಣ ಏರಿಳಿತ ಕಾಣುತ್ತದೆ. ಕೆತ್ತನೆ ಇರುವ ಉಂಗುರದಲ್ಲಿ ಇದು ಲೆಕ್ಕಕ್ಕಿಲ್ಲ, ಕನ್ನಡಿಯಂಥ ಸಾದಾ ಪಟ್ಟಿಯಲ್ಲಿ ಎದ್ದು ತೋರುತ್ತದೆ.

ಹಾಗೆಂದು ಎರಕವನ್ನು ಕೀಳಾಗಿ ನೋಡಬೇಕಿಲ್ಲ. ಒಂದೇ ಒಂದು ಉಂಗುರಕ್ಕೆ ಡೈ (ಉಕ್ಕಿನ ಅಚ್ಚು) ಮಾಡಿಸುವ ಖರ್ಚಿಲ್ಲ, ಯಾವ ಆಕಾರವೂ ಬರುತ್ತದೆ, ಜೋಡಿ ಉಂಗುರದ ಒಂದರ ಬಳುಕು ಇನ್ನೊಂದಕ್ಕೆ ಸರಿಯಾಗಿ ಕೂಡುವಂತೆ ಮಾಡಬಹುದು. ಬೆರಳಚ್ಚಿನ ಗೆರೆಗಳನ್ನು ಉಬ್ಬಿಸಿದ ಉಂಗುರ ಕೂಡ ಈ ದಾರಿಯಲ್ಲೇ ಸುಲಭ.

ಕೊಳವೆ, ವಾಷರ್, ಲೇತ್

ಇಲ್ಲಿ ಉಂಗುರದ ಆಕಾರಕ್ಕೆ ಬರುವ ಮೊದಲೇ ಲೋಹ ಸಾಕಷ್ಟು ಪೆಟ್ಟು ತಿಂದಿರುತ್ತದೆ. ಗಟ್ಟಿಯನ್ನು ಹೊಯ್ದು, ಬಡಿದು, ರೋಲರ್ ನಡುವೆ ತೆಳ್ಳಗೆ ಮಾಡಿ, ನಡುನಡುವೆ 1,000 ಡಿಗ್ರಿ ಹತ್ತಿರ ಕಾಯಿಸಿ ಮೆದು ಮಾಡುತ್ತಾರೆ. ಹೊಯ್ದಾಗಿನ ದೊಡ್ಡ ಕಣಗಳು ಒಡೆದು, ಕಾಯಿಸಿದಾಗ ಸಣ್ಣ ಕಣಗಳಾಗಿ ಹೊಸದಾಗಿ ಕೂಡುತ್ತವೆ. ಒಳಗಿದ್ದ ತೂತುಗಳು ಒತ್ತಿಹೋಗಿ ಮುಚ್ಚಿಕೊಳ್ಳುತ್ತವೆ. ಆಮೇಲಿನ ದಾರಿ ಎರಡು. ಒಂದರಲ್ಲಿ ಬೆಸುಗೆಯಿಲ್ಲದ ಕೊಳವೆ ಎಳೆದು, ಅದನ್ನು ಬೇಕಾದ ಅಗಲಕ್ಕೆ ಬಳೆಬಳೆಯಾಗಿ ಕತ್ತರಿಸುತ್ತಾರೆ. ಇನ್ನೊಂದರಲ್ಲಿ ತಗಡಿನಿಂದ ನಡುವೆ ತೂತಿರುವ ಚಪ್ಪಟೆ ವಾಷರ್ ಕತ್ತರಿಸಿ, ಮೊನಚು ಡೈಗಳ ಮೂಲಕ ಹಂತಹಂತವಾಗಿ ತಳ್ಳಿ ಮಲಗಿದ್ದ ವಾಷರನ್ನು ಎಬ್ಬಿಸಿ ಉಂಗುರ ಮಾಡುತ್ತಾರೆ. ಎರಡರಲ್ಲೂ ಜೋಡಣೆಯ ಗೆರೆ ಇರುವುದಿಲ್ಲ.

ಈ ಕಚ್ಚಾ ಬಳೆಯನ್ನು ರೋಲಿಂಗ್ ಯಂತ್ರದಲ್ಲಿ ಹಿಗ್ಗಿಸಿ ಆಕಾರ ಕೊಟ್ಟು, ಕಂಪ್ಯೂಟರ್ ನಡೆಸುವ (ಸಿಎನ್‌ಸಿ) ಲೇತಿಗೆ ಕೊಡುತ್ತಾರೆ. ಒಳಮೈ ಕಡೆಯುವುದು ಮೊದಲು, ಏಕೆಂದರೆ ಸೈಜು ನಿರ್ಧಾರವಾಗುವುದು ಅಲ್ಲಿ. ಆಮೇಲೆ ಹೊರಮೈ, ಅಂಚು, ಬೇಕಿದ್ದರೆ ಗೀರು. ಉಳಿಯ ಅಂಚು ಸದಾ ಹರಿತವಾಗಿರಬೇಕು, ತಂಪು ದ್ರವ ಧಾರೆಯಾಗಿ ಬೀಳಬೇಕು. ಮೊಂಡಾದ ಉಳಿ ಪ್ಲಾಟಿನಂ ಅನ್ನು ಕತ್ತರಿಸುವುದಿಲ್ಲ, ಮೇಲ್ಪದರವನ್ನು ಎಳೆದು ಹರಿಯುತ್ತದೆ. ಆ ಹರಿದ ಗುರುತು ಪಾಲಿಶ್‌ನಲ್ಲಿ ಹೋಗುವುದಿಲ್ಲ, ಮಸುಕಾದ ಪಟ್ಟೆಯಾಗಿ ಉಳಿಯುತ್ತದೆ.

ಈ ವಿಧಾನದ ಉಂಗುರದ ಅಂಚು ಎಲ್ಲೆಡೆ ಒಂದೇ ಸಮ, ದಪ್ಪ ಎಲ್ಲೆಡೆ ಒಂದೇ ಅಳತೆ, ಮೈ ಕನ್ನಡಿ. ಮಿತಿಯೂ ಇದೆ: ಸುತ್ತಲೂ ತಿರುಗುವ ಆಕಾರ ಮಾತ್ರ ಲೇತಿನಿಂದ ಬರುತ್ತದೆ. ಮಿಲ್ಲಿಂಗ್ ತಲೆ ಜೋಡಿಸಿದರೆ ಮುಖಗಳು, ಓರೆ ಗೀರುಗಳು, ಅಲೆಗಳು ಬರುತ್ತವೆ. ಬಳ್ಳಿ, ಹೂ ಬರುವುದಿಲ್ಲ. ಕಡೆದು ಬಿದ್ದ ಪುಡಿಯೆಲ್ಲ ಮತ್ತೆ ಶುದ್ಧೀಕರಣಕ್ಕೆ ಹೋಗಬೇಕು, ಪ್ಲಾಟಿನಂ ಶುದ್ಧೀಕರಣ ಚಿನ್ನದ್ದಕ್ಕಿಂತ ದುಬಾರಿ. ಬಿಲ್ಲಿನಲ್ಲಿ ಮೇಕಿಂಗ್ ಚಾರ್ಜ್ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಜರ್ಮನಿಯಲ್ಲಿ, ಅದರಲ್ಲೂ ಆಭರಣದ ಊರೆಂದೇ ಹೆಸರಾದ ಫೋರ್ಟ್ಸ್‌ಹೈಮ್ ಸುತ್ತಮುತ್ತ, ಮದುವೆ ಉಂಗುರವೆಂದರೆ ಹೆಚ್ಚಾಗಿ ಇದೇ ಬಗೆ. ಜಪಾನಿನಲ್ಲಿ ಅಂಗಡಿಯವರೇ ಬಡಿದು ಮಾಡಿದ್ದು, ಎರಕದ್ದು ಎಂದು ಬೇರೆ ಬೇರೆ ಹೇಳಿ ಮಾರುತ್ತಾರೆ. ನಮ್ಮಲ್ಲಿ ಗ್ರಾಹಕರು ಕೇಳುವುದಿಲ್ಲ, ಅಂಗಡಿಯವರು ಹೇಳುವುದಿಲ್ಲ.

ಡೈಯಲ್ಲಿ ಅಚ್ಚೊತ್ತಿದ್ದು

ಮೇಲಿನದಕ್ಕೆ ಹತ್ತಿರದ ನೆಂಟ. ಉಕ್ಕಿನ ಡೈಗಳ ನಡುವೆ ಲೋಹವನ್ನಿಟ್ಟು ನೂರಾರು ಟನ್ ಒತ್ತಡದಲ್ಲಿ ಒತ್ತಿ, ಕಾಯಿಸಿ, ಮತ್ತೆ ಒತ್ತುತ್ತಾರೆ. ಉಬ್ಬು ವಿನ್ಯಾಸದ ಜೊತೆಗೇ ಬಿಗಿಯಾದ ಲೋಹ ಬೇಕೆನ್ನುವವರಿಗೆ ಇದು ಅತ್ಯುತ್ತಮ. ಒಂದು ವಿನ್ಯಾಸಕ್ಕೆ ಒಂದು ಡೈ ಬೇಕಾದ್ದರಿಂದ ಹಳೆಯ ಡೈಗಳನ್ನು ಉಳಿಸಿಕೊಂಡ ಅಮೆರಿಕ, ಬ್ರಿಟನ್ನಿನ ಕೆಲವು ಕಾರ್ಖಾನೆಗಳ ಸ್ಥಿರ ವಿನ್ಯಾಸಗಳಲ್ಲೇ ಆರಿಸಿಕೊಳ್ಳಬೇಕಾಗುತ್ತದೆ. ನಿಮಗಾಗಿಯೇ ಒಂದು ಡೈ ಮಾಡಿಸುವುದು ಒಂದು ಜೋಡಿ ಉಂಗುರಕ್ಕೆ ಗಿಟ್ಟುವ ಮಾತಲ್ಲ.

ಕೈಕೆಲಸ

ಪ್ಲಾಟಿನಂ ಪಟ್ಟಿಯನ್ನು ಅಳತೆಗೆ ಕತ್ತರಿಸಿ, ಬಾಗಿಸಿ, ತುದಿಗಳನ್ನು ಬೆಸೆದು, ಸಲಾಕೆಯ ಮೇಲೆ ದುಂಡು ಮಾಡುವುದು ಇಷ್ಟೇ ಮೇಲ್ನೋಟದ ಕೆಲಸ. ಪಟ್ಟಿಯ ಉದ್ದಕ್ಕೆ ಲೆಕ್ಕ ಸರಳ: ಒಳವ್ಯಾಸಕ್ಕೆ ದಪ್ಪ ಸೇರಿಸಿ 3.14ರಿಂದ ಗುಣಿಸಬೇಕು. 18 ಮಿ.ಮೀ. ಒಳವ್ಯಾಸ, 1.6 ಮಿ.ಮೀ. ದಪ್ಪವಾದರೆ 61.5 ಮಿ.ಮೀ. ದಪ್ಪವನ್ನು ಸೇರಿಸದೆ ಕತ್ತರಿಸಿದರೆ ಉಂಗುರದ ಒಳವ್ಯಾಸ ಆ ದಪ್ಪದಷ್ಟೇ ಚಿಕ್ಕದಾಗಿ ಕೂರುತ್ತದೆ.

ಗುಣಮಟ್ಟ ತೀರ್ಮಾನವಾಗುವುದು ಬೆಸುಗೆಯಲ್ಲಿ. ಎರಡು ತುದಿಗಳೂ ಬೆಳಕು ತೂರದಷ್ಟು ಕೂಡಿಕೊಂಡಿರಬೇಕು, ನಡುವೆ ಅದೇ ಮಿಶ್ರಲೋಹದ ತೆಳುಹಾಳೆ ಸಿಕ್ಕಿಸಿ, ಆಮ್ಲಜನಕ ಹೆಚ್ಚಿರುವ ಉರಿಯಲ್ಲಿ ಅಥವಾ ಲೇಸರ್‌ನಲ್ಲಿ ಎರಡೂ ಕಡೆ ಕರಗಿ ಒಂದಾಗುವಂತೆ ಮಾಡಬೇಕು. ಬಿಳಿಗಾರ ಹಚ್ಚಬೇಕಿಲ್ಲ, ಪ್ಲಾಟಿನಂ ಕಾಯಿಸಿದರೂ ಕಪ್ಪಾಗದು. ಉರಿಯಲ್ಲಿ ಹೊಗೆಯ ಹಳದಿ ನಾಲಿಗೆ ಇದ್ದರೆ ಇಂಗಾಲ ಸೇರುತ್ತದೆ. ಬರಿಗಣ್ಣಲ್ಲಿ ಆ ಬೆಳಕನ್ನು ನೋಡಿದರೆ ಕಣ್ಣಿಗೇ ಅಪಾಯ, ವೆಲ್ಡಿಂಗ್ ಕನ್ನಡಕ ಬೇಕು. ಪ್ಲಾಟಿನಂ ಬೆಸುಗೆಯ ತಂತಿಗಳನ್ನು ಅವುಗಳ ಶಾಖದ ಸಂಖ್ಯೆಯಿಂದಲೇ ಕರೆಯುತ್ತಾರೆ: 1300, 1500, 1700 ಹೀಗೆ. ಕಡಿಮೆ ಸಂಖ್ಯೆಯವುಗಳಲ್ಲಿ ಚಿನ್ನ, ಪಲ್ಲೇಡಿಯಂ ಹೆಚ್ಚು. ಕೆಲಸ ಹಗುರ, ಆದರೆ ಕೆಲವು ವರ್ಷ ತೊಟ್ಟ ಮೇಲೆ ಅಲ್ಲಿ ಬೂದು ಅಥವಾ ಹಳದಿ ಗೆರೆ ಮೂಡುತ್ತದೆ. ಉಂಗುರದ ಮುಖ್ಯ ಬೆಸುಗೆಗೆ 1700 ಅಥವಾ ಅದೇ ಲೋಹ, ಅದಕ್ಕಿಂತ ಕಡಿಮೆಯದನ್ನು ಒಪ್ಪಬೇಡಿ.

ರೋಲರ್ ಉಕ್ಕಿನದಾದ್ದರಿಂದ ಪಟ್ಟಿಯ ಮೈಗೆ ಕಬ್ಬಿಣದ ಕಲೆ ಹತ್ತಿರುತ್ತದೆ. ಕಾಯಿಸುವ ಮೊದಲು ಆಮ್ಲದಲ್ಲಿ ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಇಳಿದುಬಿಡುತ್ತದೆ. ನೈಟ್ರಿಕ್ ಬೇರೆ, ಹೈಡ್ರೋಕ್ಲೋರಿಕ್ ಬೇರೆ. ಎರಡನ್ನೂ ಒಂದೇ ಬಟ್ಟಲಿಗೆ ಸುರಿದರೆ ಅದು ಪ್ಲಾಟಿನಂ ಅನ್ನೇ ಕರಗಿಸುವ ದ್ರಾವಣ.

ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಅಕ್ಕಸಾಲಿಗರ ಚಿನ್ನದ ಕೈಚಳಕ ಪ್ರಶ್ನಾತೀತ. ಆದರೆ ಚಿನ್ನಕ್ಕೆ ಸಾಕಾಗುವ ಉರಿ ಪ್ಲಾಟಿನಂ ಬೆಸೆಯಲು ಸಾಕಾಗದು. ಕೈಕೆಲಸದ ಪ್ಲಾಟಿನಂ ಬೇಕೆನ್ನುವವರು ಎರಡೇ ಪ್ರಶ್ನೆ ಕೇಳಿ: ಲೇಸರ್ ವೆಲ್ಡರ್ ಅಥವಾ ಆಮ್ಲಜನಕದ ಉರಿ ಇದೆಯೇ? ಪ್ಲಾಟಿನಂಗೆ ಬೇರೆ ಹಲಗೆ ಇದೆಯೇ? ಎರಡಕ್ಕೂ ಹೌದೆಂಬ ಉತ್ತರ ಬರದಿದ್ದರೆ ಅವರ ಕೈಯಲ್ಲಿ ಚಿನ್ನವನ್ನೇ ಮಾಡಿಸಿ.

‘3ಡಿ ಪ್ರಿಂಟ್’ ಎಂಬ ಗೊಂದಲ

ಅಂಗಡಿಯಲ್ಲಿ 3ಡಿ ಪ್ರಿಂಟ್ ಮಾಡಿದ ಉಂಗುರ ಎಂದರೆ ಬಹುತೇಕ ಮೇಣದ ಮಾದರಿಯನ್ನು ಪ್ರಿಂಟ್ ಮಾಡಿ ಎರಕ ಹೊಯ್ದದ್ದು ಎಂದೇ ಅರ್ಥ. ಪ್ಲಾಟಿನಂ ಪುಡಿಯನ್ನೇ ಪದರಪದರವಾಗಿ ಲೇಸರ್‌ನಿಂದ ಕರಗಿಸಿ ಕಟ್ಟುವ ತಂತ್ರವೂ ಇದೆ. ಒಳಗೆ ಟೊಳ್ಳಿರುವ, ಜಾಲರಿಯಂಥ ಆಕಾರಗಳಿಗೆ ಅದು ಒಳ್ಳೆಯದು. ಮೈ ಒರಟಾಗಿ ಬರುವುದರಿಂದ ಸಾದಾ ಪಟ್ಟಿಗೆ ಅದರಿಂದ ಲಾಭವಿಲ್ಲ.

ಉಳಿದ 50 ಪಾಲು

ಶುದ್ಧ ಪ್ಲಾಟಿನಂ ತೀರ ಮೆದು, ಗಟ್ಟಿತನ ಅಳೆಯುವ ವಿಕರ್ಸ್ ಮಾಪಕದಲ್ಲಿ ಐವತ್ತರ ಒಳಗೆ. ಅದಕ್ಕೆ ಗಟ್ಟಿತನ ಕೊಡುವುದು ಆ 50 ಪಾಲು. ರುಥೀನಿಯಂ ಸೇರಿಸಿದರೆ, ಕಾಯಿಸಿ ಮೆದು ಮಾಡಿದ ಸ್ಥಿತಿಯಲ್ಲಿ ಸುಮಾರು 130, ಬಡಿದು ಬಿಗಿ ಮಾಡಿದರೆ 200ರ ಆಸುಪಾಸು. ಲೇತಿಗೆ ಇದೇ ಮೊದಲ ಆಯ್ಕೆ. ಇರಿಡಿಯಂ ಸೇರಿಸಿದರೆ ಸುಮಾರು 80. ಬಾಗಿಸಲು, ಕಲ್ಲು ಕೂರಿಸಲು ಹಗುರ, ಸಾದಾ ಉಂಗುರಕ್ಕೆ ಬೇಗ ಗೀರು. ಕೋಬಾಲ್ಟ್ ಸೇರಿಸಿದ್ದು ಸುಮಾರು 135; ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುವುದರಿಂದ ಎರಕದವರಿಗೆ ಪ್ರಿಯ.

ಕೋಬಾಲ್ಟ್ ಇದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ಬಲವಾದ ನಿಯೋಡೈಮಿಯಂ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಉಂಗುರದ ಹತ್ತಿರ ತಂದರೆ ತುಸು ಎಳೆತ ಕಾಣುತ್ತದೆ. ಅದನ್ನು ನೋಡಿ ಖೋಟಾ ಪ್ಲಾಟಿನಂ ಎಂದು ಗಾಬರಿಯಾಗಬೇಡಿ. ಆದರೆ ಕೋಬಾಲ್ಟ್‌ಗೆ ಚರ್ಮದ ಅಲರ್ಜಿ ಇರುವವರು ಇದನ್ನು ಬಿಟ್ಟು ರುಥೀನಿಯಂ ಅಥವಾ ಇರಿಡಿಯಂ ಕೇಳಬೇಕು. ಬೆಸುಗೆಯ ಉರಿ ತಗುಲಿದಾಗ ಕೋಬಾಲ್ಟ್ ಮಿಶ್ರಣದ ಮೈ ನೀಲಿಗಟ್ಟುತ್ತದೆ, ಅದನ್ನು ತೆಗೆಯಲು ಬೇರೆ ಪಾಲಿಶ್ ಆಗಬೇಕು.

ತೂಕದ ಲೆಕ್ಕ ಒಮ್ಮೆ ಮಾಡಿ ನೋಡಿ

ಚಪ್ಪಟೆ ಪಟ್ಟಿಯ ಉಂಗುರಕ್ಕೆ: ಒಳವ್ಯಾಸ ಮತ್ತು ದಪ್ಪ ಕೂಡಿಸಿ, 3.14ರಿಂದ ಗುಣಿಸಿ, ಅದನ್ನು ಅಗಲ ಮತ್ತು ದಪ್ಪದಿಂದ ಗುಣಿಸಿದರೆ ಘನ ಮಿ.ಮೀ.ನಲ್ಲಿ ಗಾತ್ರ. ಸಾವಿರದಿಂದ ಭಾಗಿಸಿ 20.7ರಿಂದ ಗುಣಿಸಿದರೆ ರುಥೀನಿಯಂ ಮಿಶ್ರಣದ ತೂಕ ಗ್ರಾಂನಲ್ಲಿ. 18 ಮಿ.ಮೀ. ಒಳವ್ಯಾಸ, 4 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪಕ್ಕೆ 8.2 ಗ್ರಾಂ ಹತ್ತಿರ ಬರುತ್ತದೆ. ದಪ್ಪವನ್ನು 1.2ಕ್ಕೆ ಇಳಿಸಿದರೆ 6 ಗ್ರಾಂ. ಅದೇ 1.6ರ ಉಂಗುರ 18 ಕ್ಯಾರಟ್ ಹಳದಿ ಚಿನ್ನದಲ್ಲಾದರೆ ಸುಮಾರು 6.1 ಗ್ರಾಂ. ಹೊರಮೈ ಉಬ್ಬಿ ಅಂಚು ತೆಳುವಾಗಿದ್ದರೆ ತೂಕ ಇನ್ನೂ ಇಳಿಯುತ್ತದೆ.

ಲೆಕ್ಕಕ್ಕೂ ಟ್ಯಾಗಿನ ತೂಕಕ್ಕೂ ಬಹಳ ವ್ಯತ್ಯಾಸ ಇದ್ದರೆ ಉಂಗುರವನ್ನು ತಿರುಗಿಸಿ ಒಳಮೈ ನೋಡಿ. ಬೆರಳಿಗೆ ತಾಗುವ ಕಡೆ ನಡುವೆ ಕಾಲುವೆಯಂತೆ ಲೋಹ ಕೆರೆದಿರಬಹುದು. ಹೊರಗಿನಿಂದ 2 ಮಿ.ಮೀ. ದಪ್ಪ ಕಾಣುವ ಉಂಗುರದ ನಡುಭಾಗ 0.8 ಮಿ.ಮೀ. ಇದ್ದರೆ ಕಬ್ಬಿಣದ ಗೇಟು ತಳ್ಳುವಾಗ, ಬೈಕಿನ ಹ್ಯಾಂಡಲ್ ಹಿಡಿಯುವಾಗ ಅದು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಕಲ್ಲಿನ ಉಂಗುರದಲ್ಲಿ ಹಾಗೆ ಬಾಗಿದಾಗ ಕಲ್ಲು ಸಡಿಲವಾಗುತ್ತದೆ.

ನಾವು ಹೇಳುವ ಕನಿಷ್ಠ: ಲೇತಿನಲ್ಲಿ ಕಡೆದದ್ದಕ್ಕೆ 1.4 ಮಿ.ಮೀ., ಎರಕದ್ದಕ್ಕೆ ಪಾಲಿಶ್ ಆದ ಮೇಲೆ 1.6 ಮಿ.ಮೀ., ಕೈಯಲ್ಲಿ ದುಡಿಯುವವರಿಗೆ ಇವೆರಡಕ್ಕೂ 0.2 ಹೆಚ್ಚು. ಸುತ್ತಲೂ ಕಲ್ಲು ಇದ್ದರೆ 1.8ರ ಕೆಳಗೆ ಹೋಗಬೇಡಿ.

ಅಂಗಡಿಯಲ್ಲಿ ಕಣ್ಣು ಎಲ್ಲಿಡಬೇಕು

10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಎಲ್ಲ ಆಭರಣದಂಗಡಿಯಲ್ಲೂ ಇರುತ್ತದೆ, ಕೇಳಿ ಪಡೆಯಿರಿ. ಮೊದಲು ನೋಡಬೇಕಾದ್ದು ಒಳಮೈ, ಹೊರಮೈ ಅಲ್ಲ. ಪಾಲಿಶ್ ಮಾಡುವವರು ಒಳಗೆ ಕಡಿಮೆ ಶ್ರಮ ಹಾಕುತ್ತಾರೆ. ಅಂಕುಡೊಂಕಾದ ಸಣ್ಣ ಗುಳಿಗಳ ಗುಂಪು ಒಂದೇ ಕಡೆ ಇದ್ದರೆ ಎರಕದ ಕಡ್ಡಿ ಸೇರಿದ್ದ ಜಾಗ ಅದು. ಅಡ್ಡಕ್ಕೆ ನೇರ ಗೆರೆಯೊಂದು ಒಳಮೈಯಿಂದ ಅಂಚಿಗೆ ಬಂದಿದ್ದರೆ ಬೆಸುಗೆ. ಸುತ್ತಲೂ ಸಮಾಂತರವಾಗಿ ಕೂದಲಿನಷ್ಟು ಸಣ್ಣ ಗೆರೆಗಳಿದ್ದರೆ ಲೇತಿನ ಗುರುತು, ಅದು ದೋಷವಲ್ಲ. ಕ್ಯಾಲಿಪರ್‌ನಲ್ಲಿ ನಾಲ್ಕು ಕಡೆ ದಪ್ಪ ಅಳೆಯಿರಿ; ಲೇತಿನದ್ದು ಎಂದು ಹೇಳಿ ಮಾರುವ ಉಂಗುರದಲ್ಲಿ 0.1 ಮಿ.ಮೀ. ವ್ಯತ್ಯಾಸ ಬಂದರೆ ಅದು ಲೇತಿನದ್ದಲ್ಲ.

ಚಿನ್ನಕ್ಕಿರುವ ಬಿಐಎಸ್ ಹಾಲ್‌ಮಾರ್ಕ್ ನಮ್ಮಲ್ಲಿ ಪ್ಲಾಟಿನಂಗೆ ಇಲ್ಲ. ಪ್ಲಾಟಿನಂ ಆಭರಣದ ಪ್ರಚಾರ ಸಂಸ್ಥೆಯಾದ ಪ್ಲಾಟಿನಂ ಗಿಲ್ಡ್ ಇಂಟರ್‌ನ್ಯಾಷನಲ್‌ನ ಅಧಿಕೃತ ಮಳಿಗೆಗಳಲ್ಲಿ ಉಂಗುರದ ಜೊತೆ ಶುದ್ಧತೆಯ ಪ್ರಮಾಣಪತ್ರ ಕೊಡುತ್ತಾರೆ; ಪತ್ರದ ಸಂಖ್ಯೆಯೂ ಉಂಗುರದ ಒಳಗಿನ ಸಂಖ್ಯೆಯೂ ಒಂದೇ ಇದೆಯೇ ನೋಡಿ. ಬ್ರಿಟನ್ನಿನಲ್ಲಿ 1975ರಿಂದಲೇ ಪ್ಲಾಟಿನಂಗೂ ಹಾಲ್‌ಮಾರ್ಕ್ ಇದೆ, ಅಲ್ಲಿಂದ ತಂದ ಉಂಗುರದಲ್ಲಿ ಆ ಮುದ್ರೆಯನ್ನೇ ಹುಡುಕಬಹುದು. ಬಿಲ್ಲಿನಲ್ಲಿ ಲೋಹದ ತೂಕ, ಆ ದಿನದ ದರ, ಮೇಕಿಂಗ್ ಚಾರ್ಜ್, ಕಲ್ಲಿನ ಬೆಲೆ ನಾಲ್ಕೂ ಬೇರೆ ಬೇರೆ ಬರೆಸಿ. ವೇಸ್ಟೇಜ್ ಎಂದು ಶೇಕಡಾವಾರು ಹಾಕಿದ್ದರೆ, ಎರಕದ ಉಂಗುರಕ್ಕೂ ಲೇತಿನದ್ದಕ್ಕೂ ಒಂದೇ ಶೇಕಡಾ ಯಾಕೆ ಎಂದು ಕೇಳಬಹುದು. ಉತ್ತರ ಸಿಗದಿದ್ದರೂ ಚೌಕಾಸಿಗೆ ದಾರಿಯಾಗುತ್ತದೆ.

ಯಾರಿಗೆ ಯಾವುದು

4 ಅಥವಾ 5 ಮಿ.ಮೀ. ಅಗಲದ ಸಾದಾ ಪಟ್ಟಿ, ಒಳಮೈ ಉಬ್ಬಿರುವ ಕಂಫರ್ಟ್ ಫಿಟ್, ಸುತ್ತಲೂ ಒಂದೆರಡು ಗೀರು: ಲೇತ್. ಇದರಲ್ಲಿ ಎರಕ ಕೊಟ್ಟರೆ ತೂಕಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಕೊಡಬೇಡಿ. ನಿಶ್ಚಿತಾರ್ಥದ ಉಂಗುರದ ಪಕ್ಕ ಕೂರುವಂತೆ ಬಳುಕಿದ ಪಟ್ಟಿ: ಎರಕ, ಅಥವಾ ಪಳಗಿದ ಕೈಕೆಲಸ. ಸಣ್ಣ ವಜ್ರಗಳ ಸಾಲು ಇದ್ದರೆ ರುಥೀನಿಯಂ ಮಿಶ್ರಣದ ಕಡೆದ ಪಟ್ಟಿಗೆ ಕೈಯಲ್ಲಿ ತೂತು ಕೊರೆದು ಕೂರಿಸಿದ್ದು ಮೇಲು. ಎರಕದಲ್ಲೇ ಗೂಡು ಹೊಯ್ದರೆ ಕಲ್ಲು ಹಿಡಿಯುವ ಮೊಳೆಗಳಲ್ಲಿ ತೂತು ಅಡಗಿರುವ ಸಾಧ್ಯತೆ ಇರುತ್ತದೆ.

ಗುಲಾಬಿ ಚಿನ್ನ ಸೇರಿಸಿದ ಎರಡು ಬಣ್ಣದ ಉಂಗುರ ನಮ್ಮಲ್ಲಿ ಬಹಳ ಮಾರಾಟವಾಗುತ್ತದೆ. ಅದರಲ್ಲಿ ಪ್ಲಾಟಿನಂ ಭಾಗದ ಹೆಚ್ಚು ಶಾಖದ ಕೆಲಸವೆಲ್ಲ ಮುಗಿದ ಮೇಲೆ ಚಿನ್ನ ಕೂರಬೇಕು. ಬಿಸಿಗೆ ಚಿನ್ನ ಪ್ಲಾಟಿನಂಗಿಂತ ಹೆಚ್ಚು ಹಿಗ್ಗುವುದರಿಂದ ಬರೀ ಬೆಸುಗೆಯ ಮೇಲೆ ನಿಂತದ್ದಕ್ಕಿಂತ, ಕಾಲುವೆಯಂಥ ಗೀರು ಕಡೆದು ಅದರೊಳಗೆ ಒತ್ತಿ ಕೂರಿಸಿದ್ದು ಹೆಚ್ಚು ಭದ್ರ. ಇಂಥ ಉಂಗುರದ ಸೈಜು ಬದಲಿಸುವುದು ಕಷ್ಟದ ಕೆಲಸ, ಕೊಳ್ಳುವಾಗಲೇ ಸರಿಯಾಗಿ ಅಳೆಸಿ.

ಸೈಜು ಬದಲಿಸುವಾಗ

ಬೆರಳು ವರ್ಷಗಳಲ್ಲಿ ದಪ್ಪವಾಗುತ್ತದೆ, ಬಸುರಿನಲ್ಲಿ ಊದುತ್ತದೆ, ಸೆಕೆಗಾಲದಲ್ಲಿ ಮಧ್ಯಾಹ್ನಕ್ಕೂ ಬೆಳಗ್ಗೆಗೂ ವ್ಯತ್ಯಾಸ ಇರುತ್ತದೆ. ಹಾಗಾಗಿ ಸಂಜೆ ಹೊತ್ತು, ಕೊಳ್ಳಲಿರುವ ಉಂಗುರದಷ್ಟೇ ಅಗಲದ ಅಳತೆ ಬಳೆಯಿಂದ ಅಳೆಸಿ. ಅಗಲದ ಉಂಗುರ ಅದೇ ಸೈಜಿನ ತೆಳು ಉಂಗುರಕ್ಕಿಂತ ಬಿಗಿಯಾಗಿ ಕೂರುತ್ತದೆ.

ಕಡೆದ ಸಾದಾ ಉಂಗುರವನ್ನು ಯಂತ್ರದಲ್ಲಿ ಅರ್ಧ ಸೈಜು ಹಿಗ್ಗಿಸಬಹುದು, ಮೊದಲು ಕಾಯಿಸಿ ಮೆದು ಮಾಡಿದ್ದರೆ. ಎರಕದ ಉಂಗುರವನ್ನು ಹಿಗ್ಗಿಸಬಾರದು. ಒಳಗಿನ ತೂತುಗಳ ಸಾಲಿನಲ್ಲೇ ಅದು ಸೀಳುತ್ತದೆ. ಕತ್ತರಿಸಿ, ಅದೇ ಮಿಶ್ರಲೋಹದ ತುಂಡು ಸೇರಿಸಿ ಬೆಸೆಯುವುದೇ ದಾರಿ. ತುಂಡು ಸೇರಿಸುವವರಿಗೆ ಮೂಲ ಮಿಶ್ರಣ ಯಾವುದೆಂದು ಗೊತ್ತಿರಬೇಕು. ಇರಿಡಿಯಂ ಉಂಗುರಕ್ಕೆ ರುಥೀನಿಯಂ ತುಂಡು ಹಾಕಿದರೆ ಮೊದಲ ದಿನ ಕಾಣದು, ವರ್ಷ ಕಳೆದ ಮೇಲೆ ಗೀರುಗಳ ಸಾಂದ್ರತೆ ಬೇರೆಯಾಗಿ ಆ ತುಂಡು ಬೇರೆಯಾಗಿ ತೋರುತ್ತದೆ. ಸುತ್ತಲೂ ಕಲ್ಲಿರುವ ಉಂಗುರಕ್ಕೆ ಇದ್ಯಾವುದೂ ಆಗುವುದಿಲ್ಲ.

ಅಮೆರಿಕದಲ್ಲೋ ದುಬೈಯಲ್ಲೋ ಕೊಂಡು ಊರಿಗೆ ಬಂದಾಗ ಸೈಜು ಮಾಡಿಸುವವರು ಕೊಂಡ ಅಂಗಡಿಯಿಂದ ಮಿಶ್ರಲೋಹದ ಹೆಸರು, ತಯಾರಿಕೆಯ ವಿಧಾನ ಎರಡನ್ನೂ ಬರೆಸಿಕೊಂಡು ಬರುವುದು ಒಳ್ಳೆಯದು. ಊರಿನ ಅಂಗಡಿಯವರು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇವೆ ಎಂದರೆ ಯಾವ ಬೆಸುಗೆ ಬಳಸುತ್ತೀರಿ ಎಂದು ಕೇಳಿ. ಬಿಳಿ ಚಿನ್ನದ ಬೆಸುಗೆ ಎಂಬ ಉತ್ತರ ಬಂದರೆ ಉಂಗುರ ವಾಪಸ್ ತೆಗೆದುಕೊಳ್ಳಿ. ಅದನ್ನು ಆಮೇಲೆ ಸರಿಪಡಿಸಬೇಕಾದವರು ಆ ಬೆಸುಗೆ ತಗುಲಿದ ಭಾಗವನ್ನೆಲ್ಲ ಎರಡೂ ಬದಿಯಲ್ಲಿ ಒಂದೊಂದು ಮಿಲಿಮೀಟರ್ ಕತ್ತರಿಸಿ ತೆಗೆಯಬೇಕಾಗುತ್ತದೆ.